ಮುದಗಲ್ಲಿನಲ್ಲಿ ಕೊಟ್ಟು ಬಂದ ಪದ

ಮೊನ್ನೆ ಲಿಂಗಸುಗೂರಿನಿಂದ ಹೊರಟ ಬಸ್ಸು ಮುದಗಲ್ಲಿನ ಕೋಟೆಯೆದುರು ಪಂಕ್ಚರಾಗಿ ನಿಂತಿತು. ಕಂದಕದ ಪಾಚಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಅತ್ತೆ ನೆನಪಾದರು. ಪಾಚಿಯಿಂದ ಅತ್ತೆಯನ್ನು ನೆನೆಯುವ ಸೊಸೆ ನಾನೊಬ್ಬಳೇ ಇರಬೇಕು, ನಗಬೇಡಿ.

ನಾನು ಮದುವೆಯಾಗಿ ಜವಳಗೇರಾಕ್ಕೆ ಬಂದಾಗ ಕಾಲುವೆ ನೀರು ಇನ್ನೂ ಹೊಸದು. ಜೋಳದ ಹೊಲಗಳು ಭತ್ತದ ಗದ್ದೆಯಾಗಿದ್ದವು. ನಾಟಿಗೆ ಬರುವ, ಆಂಧ್ರದಿಂದ ವಲಸೆ ಬಂದು ಊರ ಪಕ್ಕ ನೆಲೆಸಿದವರ ಕ್ಯಾಂಪಿನ ಹೆಣ್ಣುಮಕ್ಕಳು ತೆಲುಗಿನಲ್ಲಿ ಹಾಡಿದರೆ ನಮ್ಮವರು ಕನ್ನಡದಲ್ಲಿ ತಿರುಗಿ ಹಾಡಬೇಕು. ಅತ್ತೆ ಎತ್ತಿಕೊಳ್ಳುತ್ತಿದ್ದುದು ಈ ಕೋಟೆಯೊಳಗೆ ಬಾಳಿದ ಪದಕಾರರೊಬ್ಬರ ಪದ. ಆದರೆ ಪದಕಾರರ ಅಂಕಿತವಿರುವ ಕಡೆಯ ನುಡಿ ಅವರಿಗೆ ಬರುತ್ತಿರಲಿಲ್ಲ. ಅಂಕಿತ ಮುಟ್ಟದೆ ನಿಲ್ಲಿಸಿದವರು ಸೋತಂತೆ. ಸೋತ ದಿನ ಅತ್ತೆ ಊಟ ಬಿಡುತ್ತಿದ್ದರು.

"ನಡಿ, ಮುದಗಲ್ಲಿಗೆ ಹೋಗಿ ಕೇಳ್ಕೊಂಡು ಬರೂಣು" ಎಂದರು ಒಂದು ದಿನ.

ನನಗೋ ಕೋಟೆ ನೋಡುವ ಹುಚ್ಚು. ಬುರುಜಿನ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು, ಕಂದಕದಲ್ಲಿ ಎಮ್ಮೆಗಳು ಬಿದ್ದುಕೊಂಡಿದ್ದವು. ಶಾಲೆಯಲ್ಲಿ ಕಲಿತ ರಾಜರ ಹೆಸರುಗಳನ್ನೆಲ್ಲ ಒಪ್ಪಿಸತೊಡಗಿದೆ. "ಕಲ್ಲು ನೋಡಾಕ ಬಂದೀಯೇನು? ಮನಿ ಹುಡುಕು" ಎಂದರು ಅತ್ತೆ.

ಆ ಮನೆಯಲ್ಲಿ ಪದಕಾರರ ಮೊಮ್ಮಗನ ಹೆಂಡತಿ, ಹಣ್ಣು ಮುದುಕಿ, ಕೂತಿದ್ದರು. "ಪದ ಬೇಕಂದ್ರ ಪದ ಕೊಡಬೇಕವ್ವ, ನಮಗ ಬರಲಾರದ್ದು. ಈ ಮನಿ ರಿವಾಜು ಅದು" ಎಂದರು.

ಅತ್ತೆ ಎತ್ತಿದ್ದೆಲ್ಲ ಮುದುಕಿಗೆ ಬರುತ್ತಿತ್ತು. ಅತ್ತೆಯ ಮುಖ ಸಣ್ಣದಾಯಿತು. ಕಡೆಗೆ ತಮ್ಮನ್ನು ಸೋಲಿಸುತ್ತಿದ್ದ ಆ ತೆಲುಗು ಪದವನ್ನೇ ಹಾಡಿದರು. ಮರೆತಲ್ಲೆಲ್ಲ ಕನ್ನಡ ತುಂಬಿದರು. ಮುದುಕಿ ಹೇಳಿಸಿಕೊಂಡು ಕಲಿತು, ಆಮೇಲೆ ಕಡೆಯ ನುಡಿ ಕೊಟ್ಟರು.

ಬಸ್ಸಿನಲ್ಲಿ ಅತ್ತೆಗೆ ಹಿಗ್ಗಿಗಿಂತ ಅಳುಕೇ ಹೆಚ್ಚು. "ಕ್ಯಾಂಪಿನವರನ್ನ ಕೇಳಲಾರದ ಅವರ ಪದ ಕೊಟ್ಟು ಬಂದೀನಿ. ತಪ್ಪಾತೇನು?" ಎಂದು ಮಸ್ಕಿಯವರೆಗೂ ಕೇಳಿದರು. ಮರುದಿನ ಗದ್ದೆಯಲ್ಲಿ ಗೆದ್ದರು. ಗೆದ್ದ ಮೇಲೂ ಸರಿಯಾಗಿ ಉಣ್ಣಲಿಲ್ಲ.

ಮೊನ್ನೆ ಟೈರು ಬದಲಿಸುವಷ್ಟರಲ್ಲಿ ನಾನು ಆ ಮನೆಯತ್ತ ನಡೆದೆ. ಕಟ್ಟೆಯ ಮೇಲೆ ಈಗಿನ ಸೊಸೆ ಅಕ್ಕಿ ಆರಿಸುತ್ತ ಹಾಡುತ್ತಿದ್ದಳು. ಅದೇ ತೆಲುಗು ಪದ, ಅತ್ತೆ ತುಂಬಿದ ಕನ್ನಡವೂ ಹಾಗೇ ಇತ್ತು. ಕೊನೆಗೆ ಪದಕಾರರ ಅಂಕಿತ!

"ಯಾರ ಪದವ್ವ ಇದು?"

"ನಮ್ಮ ಮುತ್ಯಾರದು ರೀ. ಇದ ಕೋಟಿಯಾಗ ಕುಂತು ಕಟ್ಯಾರ."

ತಡೆಯಲಾಗದೆ ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿ ಮೊರ ಕೆಳಗಿಟ್ಟು ಯೋಚಿಸಿದಳು. "ಹಂಗಾರ ಆ ಹೆಣ್ಮಕ್ಕಳ ಹೆಸರು ಹೇಳ್ರಿ. ಅಂಕಿತಕ್ಕ ಅವರದ ಹಾಕ್ತೀನಿ."

ಅಷ್ಟು ವರ್ಷ ಒಂದೇ ಗದ್ದೆಯ ಕೆಸರಿನಲ್ಲಿ ನಿಂತಿದ್ದೆವು. ಅವರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಕ್ಯಾಂಪಿನವರು ಎಂದಷ್ಟೇ ಕರೆದಿದ್ದೆವು.

ಅವರ ಮಕ್ಕಳು ಈಗಲೂ ಜವಳಗೇರಾದ ಆ ಕ್ಯಾಂಪಿನಲ್ಲೇ ಇದ್ದಾರೆ. ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಹತ್ತಲಿಲ್ಲ. "ಕೇಳ್ಕೊಂಡು ಬರ್ತೀನವ್ವ" ಎಂದು ಹೇಳಿ, ಜವಳಗೇರಾದ ದಿಕ್ಕಿಗೆ ಹೋಗುವ ಸಿಂಧನೂರಿನ ಬಸ್ಸಿಗೆ ಕಾಯುತ್ತ ನಿಂತೆ.