ಬಂದ್ ಆಗದ ಕಂಪ್ಯೂಟರ್

ನಮ್ಮ ಸೊಸಿ ತವರಿಂದ ತಂದ ಹಳೇ ಕಂಪ್ಯೂಟರ್ ಬಂದ್ ಮಾಡಿದರ ತಾನ ಮತ್ತ ಚಾಲೂ ಆಗತಿತ್ತು. “ಮುದಗಲ್ ಬೀಗರು ಕೆಟ್ಟ ಮಾಲು ದಾಟಿಸ್ಯಾರ” ಅಂತ ನಮ್ಮೂರು ಮಸ್ಕಿ ತುಂಬಾ ಹೇಳಿ ಬಂದೆ. ಸೊಸಿ ಅತ್ತು ಊಟ ಬಿಟ್ಟಳು. ಕಡೀಕ ಅದನ್ನ ತೊಡಿ ಮ್ಯಾಲೆ ಇಟ್ಟಕೊಂಡು ಇಬ್ಬರೂ ಬಸ್ಸಿನಾಗ ಲಿಂಗಸುಗೂರಿಗೆ ರಿಪೇರಿಗೆ ಹೋದಿವಿ. ನನ್ನ ಸೊಂಟ ಬಿದ್ದು ಹೋತು.

ರಿಪೇರಿಯವ ಚಾಲೂ ಮಾಡೋ ಗುಂಡಿ ಸುತ್ತ ಸೂಜಿಲೆ ಕೆರೆದ. ಒಣಗಿದ ಬಿಳಿ ಹಕ್ಕಳಿ ಉದುರಿತು.

“ಗುಂಡಿ ಒಳಗ ಸಿಕ್ಕೊಂಡಿತ್ತು, ಅದಕ್ಕ ಹಿಂಗ ಆಗತಿತ್ತು. ಯಮ್ಮಾ, ಇದಕ್ಕ ವಿಭೂತಿ ಯಾರು ಹಚ್ಯಾರ್ರೀ?”

“ದಸರಾ ಪೂಜಾಕ್ಕ ನಾನ ನೀರಾಗ ಕಲಸಿ ಹಚ್ಚೀನಪಾ.”

“ನಿಮ್ಮ ಹಣಿಗೆ ಹಚ್ಚಿಕೋರಿ, ಗುಂಡಿಗೆ ಬ್ಯಾಡ.”

ಸೊಸಿ ನಕ್ಕಳಷ್ಟ. ತಪ್ಪು ನಂದಂತ ಇನ್ನೂ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ಯಾವಾಗ ಹೇಳತಾಳಂತ ಕಾದು ಕಾದು ನನಗ ಸುಸ್ತಾಗೈತಿ. ನಾನಾಗಿದ್ದರ ಬಸ್ ಇಳಿಯೋದರಾಗ ಹೇಳಿ ಮುಗಿಸಿರತಿದ್ದೆ.