ಎಣ್ಣೆ ಸೋರಿದ ತಿರುವು

ಬೈಕಿನ ಹೆಡ್‌ಲೈಟ್ ಬಿಚ್ಚಿದ ದಿನ ಅವ್ವ ಮಗ್ಗದ ಕುಣಿಯಲ್ಲಿ ಕೂತಲ್ಲಿಂದಲೇ ಕತ್ತು ಹೊರಳಿಸಿ ನೋಡಿದಳು. "ಕಣ್ಣ ಕಿತ್ತಿ. ಇನ್ನೇನೇನ್ ಕೀಳಾಂವ ಅದೀಯೋ?"

ಬಹಳಷ್ಟು ಕಿತ್ತೆ. ಕನ್ನಡಿ, ಹಾರ್ನ್, ಇಂಡಿಕೇಟರ್, ನಂಬರ್ ಪ್ಲೇಟ್, ಹಿಂದಿನ ಸೀಟು, ಕೊನೆಗೆ ಸ್ಟ್ಯಾಂಡ್ ಕೂಡ. ಅದೇ ಹಿಂದಿನ ಸೀಟಿಗೆ ಅವ್ವ ನೇಯ್ದ ಸೀರೆಗಳ ಗಂಟು ಕಟ್ಟಿಕೊಂಡು ನಾನು ಗಜೇಂದ್ರಗಡದಿಂದ ರೋಣ, ನರಗುಂದದ ಅಂಗಡಿಗಳಿಗೆ ಹೋಗುತ್ತಿದ್ದೆ. ಈಗ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡತೊಡಗಿದೆ. ನರಗುಂದದ ವ್ಯಾಪಾರಿಯೊಬ್ಬರು "ಗಾಡಿ ಮಾರಿದ್ರೇನ್ರಿ?" ಎಂದರೆ, "ಇಲ್ರಿ, ರೇಸಿನ ಟ್ರ್ಯಾಕಿಗೆ ತಯಾರ ಮಾಡಾಕತ್ತೀನಿ" ಎಂದು ಎದೆ ಉಬ್ಬಿಸಿ ಹೇಳುತ್ತಿದ್ದೆ. ರಸ್ತೆಯ ಮೇಲೆ ಬಿಡಲು ಬಾರದ ಗಾಡಿಯೊಂದು ನನ್ನ ಬಳಿ ಇದೆ ಎನ್ನುವುದೇ ಆಗ ದೊಡ್ಡಸ್ತಿಕೆಯಾಗಿ ಕಾಣುತ್ತಿತ್ತು.

ತಮಿಳುನಾಡಿನ ಒಂದು ಟ್ರ್ಯಾಕಿನಲ್ಲಿ ನಮ್ಮಂಥವರೂ ಒಂದು ದಿನದ ಮಟ್ಟಿಗೆ ಗಾಡಿ ಓಡಿಸಬಹುದಿತ್ತು. ಅಲ್ಲಿಯ ನಿಯಮಗಳು ಕಟ್ಟುನಿಟ್ಟು. ಒಡೆದು ಚೂರಾಗುವಂಥದ್ದು ಏನೂ ಗಾಡಿಯ ಮೇಲೆ ಇರಬಾರದು. ಎಂಜಿನ್ನಿನ ತಳದಲ್ಲಿ ಆಯಿಲ್ ಬಿಡುವ ಬೋಲ್ಟು ಅದುರಿ ಸಡಿಲಾಗದಂತೆ ಅದರ ತಲೆಗೆ ತೂತು ಕೊರೆದು, ಸಣ್ಣ ಉಕ್ಕಿನ ತಂತಿಯಿಂದ ಬಿಗಿದು ಕಟ್ಟಿರಬೇಕು. ಆ ಕೆಲಸವನ್ನು ನಾನು ಯಾವ ಗ್ಯಾರೇಜಿಗೂ ಕೊಡಲಿಲ್ಲ. ನೂಲಿನ ನಡುವೆ ಹುಟ್ಟಿ ಬೆಳೆದವನಿಗೆ ಎರಡೆಳೆ ತಂತಿ ಹೊಸೆಯುವುದನ್ನು ಬೇರೆಯವರು ಕಲಿಸಬೇಕೆ? ಎಳೆಗಳನ್ನು ಒಂದೇ ಹದದಲ್ಲಿ ತಿರುವಿ ಕಟ್ಟಿದೆ. ಚಿಕ್ಕಪ್ಪನ ಮಗ ಬಗ್ಗಿ ನೋಡಿ, "ಅಣ್ಣಾ, ಹೆರಳ ಹಾಕಿದಂಗ ಆಗೇತಿ" ಎಂದ. ನಾನು ಅದರ ಫೋಟೋ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದೆ.

ಆ ತಮ್ಮನ ಸರಕಿನ ಗಾಡಿಯಲ್ಲೇ ಬೈಕು ಹೇರಿಕೊಂಡು ಇಬ್ಬರೂ ಹೋದೆವು. ಟ್ರ್ಯಾಕಿನಲ್ಲಿ ಗಾಡಿ ಪರೀಕ್ಷಿಸುವವನು ತಂತಿಯ ಮೇಲೆ ಟಾರ್ಚು ಬಿಟ್ಟು, ತಲೆಯಾಡಿಸಿ, ಪಾಸ್ ಮಾಡಿದ. ಮೊದಲ ಸುತ್ತುಗಳು ಹೇಗಿದ್ದವೆಂದು ಈಗ ಹೇಳಲು ಮನಸ್ಸು ಬಾರದು. ಖುಷಿಯಾಗಿತ್ತು, ಅಷ್ಟೆ. ಆಮೇಲೆ ಎಲ್ಲ ಕಡೆ ಓಟ ನಿಲ್ಲಿಸಲು ಹೇಳುವ ಕೆಂಪು ಬಾವುಟಗಳು ಎದ್ದವು. ಒಂದು ತಿರುವಿನಲ್ಲಿ ಚೆಲ್ಲಿದ್ದ ಎಣ್ಣೆಗೆ ಯಾರೋ ಜಾರಿ ಬಿದ್ದಿದ್ದರು. ನಾವೆಲ್ಲ ನಿಧಾನವಾಗಿ ಒಳಗೆ ಬಂದೆವು.

ನಾನು ಹೆಲ್ಮೆಟ್ ತೆಗೆದು, "ಯಾವ ಪುಣ್ಯಾತ್ಮ ಎಣ್ಣಿ ಚೆಲ್ಯಾನಂತ ನೋಡೋ. ಇಷ್ಟ್ ದೂರ ಬಂದಿದ್ದ ಹಾಳಾತು" ಎಂದೆ, ಸುತ್ತ ನಿಂತವರಿಗೂ ಕೇಳುವಷ್ಟು ಜೋರಾಗಿ.

ಜೊತೆಗೆ ಬಂದಿದ್ದ ತಮ್ಮ ನನ್ನ ಎಡಗಾಲಿನ ಬೂಟನ್ನೇ ನೋಡುತ್ತಿದ್ದ. ಅದು ಹರಡಿನವರೆಗೆ ಕಪ್ಪಗೆ ಹೊಳೆಯುತ್ತಿತ್ತು.

ಪರೀಕ್ಷಕ ಮತ್ತೆ ಬಂದು ನೆಲಕ್ಕೆ ಅಂಗಾತ ಮಲಗಿ ನೋಡಿದ. ತಂತಿ ಹರಿದಿರಲಿಲ್ಲ, ಅದರ ಹೊಸೆತವೂ ಕೆಟ್ಟಿರಲಿಲ್ಲ. ಆದರೆ ಬೋಲ್ಟನ್ನು ಬಿಗಿಯುವ ಕಡೆಗೆ ಎಳೆಯಬೇಕಾದ ತಂತಿಯನ್ನು ನಾನು ಬಿಚ್ಚುವ ಕಡೆಗೆ ಕಟ್ಟಿದ್ದೆ. ಬೋಲ್ಟು ಅದುರಿ ಸಡಿಲಾಗಿತ್ತು. ಅವನೂ ಅದನ್ನು ಗಮನಿಸಿರಲಿಲ್ಲ. ಅಷ್ಟು ಚೆಂದವಾಗಿ ಕಟ್ಟಿದ್ದು ತಪ್ಪಿರಬಹುದೆಂದು ಅವನಿಗೂ ಅನ್ನಿಸಿರಲಿಕ್ಕಿಲ್ಲ. ಸಿಡಿದ ಎಣ್ಣೆ ನನ್ನ ಟಯರಿಗೆ ತಾಗದೆ ಹಿಂದೆ ಬರುತ್ತಿದ್ದವರ ದಾರಿಗೆ ಬಿದ್ದಿತ್ತು.

ಆಳುಗಳು ತಿರುವಿಗೆ ಸಿಮೆಂಟು ಪುಡಿ ಸುರಿದು ಗುಡಿಸತೊಡಗಿದರು. ಉಳಿದ ಸವಾರರು ದಪ್ಪ ಚರ್ಮದ ಉಡುಪಿನಲ್ಲೇ ಬಿಸಿಲಿಗೆ ನಿಂತು ಕಾದರು. ಯಾರೂ ಬಯ್ಯಲಿಲ್ಲ. ನನ್ನ ಕಡೆ ನೋಡದಿರಲು ಒಬ್ಬೊಬ್ಬರೂ ಪಡುತ್ತಿದ್ದ ಪ್ರಯಾಸ ನನಗೆ ಕಾಣುತ್ತಿತ್ತು.

ಬಿದ್ದವರು ಬೆಳಗಾವಿಯ ಕಡೆಯವರು, ನನ್ನ ಅಪ್ಪ ಬದುಕಿದ್ದರೆ ಆಗುತ್ತಿದ್ದಷ್ಟು ವಯಸ್ಸು. ಎಡಭುಜದ ಕಾಲರ್ ಬೋನ್ ಮುರಿದಿತ್ತು. ಕೈಯನ್ನು ಎದೆಗೆ ಕಟ್ಟಿಸಿಕೊಂಡು ಆಂಬುಲೆನ್ಸಿನ ಮೆಟ್ಟಿಲ ಮೇಲೆ ಕೂತಿದ್ದರು.

"ಆ ಗಾಡಿ ನಿಮ್ದೇನ್ರಿ?"

"ಹೌದ್ರಿ."

"ಯಾವೂರ್ರಿ?"

"ಗಜೇಂದ್ರಗಡ್ರಿ. ಸೀರಿ ನೇಯೂ ಮಂದಿ."

"ಹೌದಾ? ನಮ್ಮಾಕಿಗೆ ಅಲ್ಲಿದೊಂದು ಕೈಮಗ್ಗದ ಸೀರಿ ಕೊಡಸ್ಬೇಕಂತ ಭಾಳ ದಿವ್ಸದಿಂದ ಇತ್ತ ನೋಡ್ರಿ" ಎಂದು ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದರು. ಅವರು ಕಪಾಳಕ್ಕೆ ಹೊಡೆದಿದ್ದರೂ ನನಗೆ ಅಷ್ಟು ನಾಟುತ್ತಿರಲಿಲ್ಲ. ನನ್ನ ಫೋನ್ ನಂಬರ್ ಕೊಟ್ಟು, ಅವರದನ್ನೂ ಪಡೆದು ಬಂದೆ.

ಮನೆಯಲ್ಲಿ ಅವ್ವ "ಹ್ಯಾಂಗಾತೋ?" ಎಂದಳು. "ಆತಬೇ" ಎಂದೆ. ತಮ್ಮ ಬಾಯಿ ಬಿಡಲಿಲ್ಲ. ಬೈಕನ್ನು ಹಿತ್ತಲಿಗೆ ನೂಕಿ ತಾಡಪತ್ರಿ ಹೊದಿಸಿದೆ. ರೋಣದ ಅಂಗಡಿಗಳಲ್ಲಿ ಯಾರಾದರೂ ರೇಸಿನ ಸುದ್ದಿ ತೆಗೆದರೆ ಸೀರೆಯ ಸೆರಗು ಬಿಚ್ಚಿ ತೋರಿಸತೊಡಗುತ್ತಿದ್ದೆ. ಬೆಳಗಾವಿಗೆ ಫೋನ್ ಮಾಡಲು ಎಷ್ಟೋ ಸಲ ಕೂತು, ರಿಂಗಾಗುವ ಮೊದಲೇ ಕಟ್ ಮಾಡಿದ್ದೇನೆ.

ಚಳಿಗಾಲ ಮುಗಿಯುವ ಹೊತ್ತಿಗೆ ಅವರೇ ಫೋನ್ ಮಾಡಿ, ಹೆಂಡತಿಯನ್ನು ಕರೆದುಕೊಂಡು ಬಂದೇಬಿಟ್ಟರು. ಅವ್ವ ಅವರನ್ನು ದೂರದಿಂದ ಬಂದ ಗಿರಾಕಿಗಳೆಂದುಕೊಂಡು, ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದಳು. ಅವರು ಎಡಗೈ ಎತ್ತಲಾರದೆ ಊಟ ಮಾಡುವುದನ್ನು ನೋಡಿ, "ಭುಜಕ್ಕ ಏನಾಗೇತ್ರಿ ಯಪ್ಪಾ?" ಎಂದು ಕೇಳಿದಳು.

ಅವರು ನನ್ನತ್ತ ಒಮ್ಮೆ ನೋಡಿದರು. ನಾನು ಏನೂ ಹೇಳಿಲ್ಲವೆಂದು ತಿಳಿಯಲು ಅವರಿಗೆ ಅಷ್ಟು ಸಾಕಾಯಿತು. "ಗಾಡಿ ಮ್ಯಾಲಿಂದ ಬಿದ್ದೆನ್ರಿ ಅವ್ವಾರ. ವಯಸ್ಸಾತಲ್ರಿ, ಹುಡುಗಾಟಕಿ ಬಿಡ್ಲಿಲ್ಲ" ಎಂದರು.

ನನ್ನನ್ನು ಉಳಿಸಲು ಅವರು ತಪ್ಪನ್ನು ತಮ್ಮ ವಯಸ್ಸಿನ ಮೇಲೆ ಹಾಕಿಕೊಂಡಿದ್ದರು. ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದೆ. "ನನ್ನ ಗಾಡಿ ಎಣ್ಣಿ ಸೋರಿ ಬಿದ್ದಾರಬೇ" ಎಂದೆ.

ಅವ್ವ ಎದ್ದು, ತಲೆಯ ಮೇಲೆ ಸೆರಗು ಹೊದ್ದು, ಅವರಿಗೆ ಕೈಮುಗಿದಳು. "ಹುಡುಗಂದ ತಪ್ಪಾತ್ರಿ. ಹೊಟ್ಟ್ಯಾಗ ಹಾಕ್ಕೋರಿ." ಅವರು ಗಾಬರಿಯಾಗಿ ಎಂಜಲು ಕೈಯಲ್ಲೇ ಎದ್ದುಬಿಟ್ಟರು. "ಛೇ ಛೇ, ನೀವ್ಯಾಕ್ರಿ ಅವ್ವಾರ, ಕೂಡ್ರಿ, ಕೂಡ್ರಿ!" ನಾನು ಮಾತ್ರ ಕೂತೇ ಇದ್ದೆ. ಕೈ ಮುಗಿಯಬೇಕಾದವನು ನಾನಾಗಿದ್ದೆ.

ಆ ಗಾಡಿಯನ್ನು ನಾನು ಮತ್ತೆ ಶುರು ಮಾಡಿಲ್ಲ. ದೀಪ, ಕನ್ನಡಿ ಮತ್ತೆ ಕೂರಿಸಬಹುದು ಎನ್ನುತ್ತಾನೆ ತಮ್ಮ. ಇನ್ನೂ ಕೈ ಹಚ್ಚಿಲ್ಲ.

ಅಂದು ಊಟವಾದ ಮೇಲೆ ಅವರ ಹೆಂಡತಿ ಒಂದು ಕೆಂಪು ಸೀರೆ ಆರಿಸಿಕೊಂಡರು. ಸಂಜೆ ಇಬ್ಬರನ್ನೂ ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. "ಮುಂದಿನ ಸಲ ಟ್ರ್ಯಾಕಿಗೆ ಕೂಡೇ ಹೋಗೋಣ್ರಿ" ಎಂದು ಅವರು ನನ್ನ ಬೆನ್ನು ತಟ್ಟಿದರು. ಬಸ್ಸು ಬಂತು. ಅಭ್ಯಾಸದಂತೆ ಎಡಗೈಯಿಂದ ಚೀಲ ಎತ್ತಲು ಹೋದರು, ಏಳಲಿಲ್ಲ. ನಾನು ಕೈ ಚಾಚುವಷ್ಟರಲ್ಲಿ ಅವರ ಹೆಂಡತಿ, ನನ್ನ ಮುಖ ನೋಡದೆ, ಚೀಲ ಎತ್ತಿಕೊಂಡು ಬಸ್ಸು ಹತ್ತಿಯಾಗಿತ್ತು.