ಬೇಡ ಎಂದು ಎತ್ತಿದ ಕೈ

ಬೆಳಗಿನ ಐದೂವರೆ. ಮಹಿಳಾ ಸಂಘದ ಸಭಾಂಗಣದಲ್ಲಿ ಒಂದೇ ದೀಪ ಉರಿಯುತ್ತಿದೆ. ಅರವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಕಬ್ಬಿಣದ ಕುರ್ಚಿಗಳನ್ನು ಎರಡೆರಡಾಗಿ ಎತ್ತಿ ತಂದು ದುಂಡಗೆ ಜೋಡಿಸುತ್ತಿದ್ದಾರೆ. ಒಟ್ಟು ನಲವತ್ತೆರಡು. ಆಮೇಲೆ ಮೂರು ಕೋಣೆಗಳ ನೆಲ ಒರೆಸಬೇಕು, ಕರಿಹಲಗೆ ಉಜ್ಜಬೇಕು, ಶೌಚಾಲಯ ತೊಳೆಯಬೇಕು. ಏಳಕ್ಕೆ ಓದುಬರಹದ ತರಗತಿ. ಮೂವತ್ತೊಂದು ವರ್ಷದಿಂದ ಇದೇ ದಿನಚರಿ. ಎಲ್ಲರ ಬಾಯಲ್ಲೂ ಅವರು ಕುರ್ಚಿಯಕ್ಕ.

"ಊರೆಲ್ಲ ಕುರ್ಚಿಗಾಗಿ ಹೊಡೆದಾಡುತ್ತೆ. ನನಗೋ ಅದನ್ನ ಹೊತ್ತೂ ಹೊತ್ತೂ ಸೊಂಟ ಬಿದ್ದುಹೋಗಿದೆ," ಎನ್ನುತ್ತಾರೆ.

ಆದರೆ ಇವತ್ತು ನಗು ಅರ್ಧಕ್ಕೇ ನಿಲ್ಲುತ್ತದೆ. ಕುರ್ಚಿಗಳನ್ನು ಎರಡು ಸಲ ಎಣಿಸುತ್ತಾರೆ, ಎರಡು ಸಲವೂ ತಪ್ಪುತ್ತಾರೆ. ಸಂಘದ ಇತಿಹಾಸ ಬರೆಯಲು ಹೊರಟ ಕಾರ್ಯದರ್ಶಿಗೆ ಮೊನ್ನೆ ಕಪಾಟಿನಲ್ಲಿ ಹಳೆಯ ನಡಾವಳಿ ಪುಸ್ತಕ ಸಿಕ್ಕಿದೆ. ಅದರ ಆರನೇ ಪುಟ ಓದಿಸಿ ಕೇಳಿದಂದಿನಿಂದ ಕುರ್ಚಿಯಕ್ಕನಿಗೆ ತಲೆಬುಡ ತಿಳಿಯದಂತಾಗಿದೆ.

ಸಂಘ ಹುಟ್ಟಿದ್ದು ಬಟ್ಟೆ ಒಗೆಯುವ ಕಾರ್ಖಾನೆಯೊಂದರಲ್ಲಿ. ಅಲ್ಲಿ ಕಪ್ಪು ಮೈಬಣ್ಣದ ಹೆಂಗಸರಿಗೆ ಒಳಗಿನ ಹಬೆಯ ಕೋಣೆ. ಬಿಳಿ ಮೈಬಣ್ಣದವರಿಗೆ ಮುಂದಿನ ಕೌಂಟರು, ಫ್ಯಾನು, ಕುಡಿಯುವ ನೀರಿನ ನಲ್ಲಿ. ಕುರ್ಚಿಯಕ್ಕ ಒಳಗೆ ಇಸ್ತ್ರಿ ಮಾಡುತ್ತಿದ್ದರು. ಒಂದು ಮಧ್ಯಾಹ್ನ, ಪಕ್ಕದಲ್ಲೇ ದುಡಿಯುತ್ತಿದ್ದ ಅವರ ಒಡಹುಟ್ಟಿದ ಅಕ್ಕ ಸೆಕೆ ತಾಳದೆ ಕುಸಿದು ಬಿದ್ದರು. ನೀರಿಗೆಂದು ಓಡಿದ ತಂಗಿಗೆ ಕೌಂಟರಿನಲ್ಲಿ ಒಂದು ಲೋಟ ನೀರೂ ಸಿಗಲಿಲ್ಲ. ಅಕ್ಕ ಬದುಕಿದರು, ಆದರೆ ಮತ್ತೆ ಕೆಲಸಕ್ಕೆ ಬರಲಾಗಲಿಲ್ಲ. ಮಾರನೆಯ ದಿನ ಹಬೆಯ ಕೋಣೆಯ ಹನ್ನೊಂದು ಹೆಂಗಸರು ಮುಂಬಾಗಿಲಲ್ಲಿ ನಿಂತರು. ಹತ್ತೊಂಬತ್ತು ದಿನ ಕದಲಲಿಲ್ಲ. ನಲ್ಲಿ ಎಲ್ಲರದಾಯಿತು. ಆ ಹನ್ನೊಂದು ಮಂದಿಯೇ ಸಂಘ ಕಟ್ಟಿದರು.

ಎರಡು ತಿಂಗಳ ಮೇಲೆ ಕೌಂಟರಿನ ಹುಡುಗಿಯೊಬ್ಬಳು ಬಂದು, ನನ್ನನ್ನೂ ಸೇರಿಸಿಕೊಳ್ಳಿ ಎಂದಳು. ಕೈ ಎತ್ತಿಸಿ ತೀರ್ಮಾನ ಮಾಡಿದರು. ಆಗ ಮೊದಲು ಕೈ ಎತ್ತಿ ಹೌದು ಎಂದವಳು ತಾನೇ ಎಂದು ಕುರ್ಚಿಯಕ್ಕ ಮಕ್ಕಳಿಗೆ, ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ. ಆರನೇ ಪುಟದಲ್ಲಿ ಬೇರೆಯೇ ಇದೆ. ಹೌದು ಎಂದವರು ಏಳು, ಬೇಡ ಎಂದವರು ನಾಲ್ಕು. ಬೇಡ ಎಂದವರಲ್ಲಿ ಮೊದಲ ಹೆಸರೇ ಇವರದು.

"ಇಷ್ಟು ವರ್ಷ ಸುಳ್ಳು ಹೇಳಿದೆನಾ, ಮರೆತೆನಾ? ಕೈ ಎತ್ತಿದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಯಾವುದಕ್ಕೆ ಎತ್ತಿದೆ ಅನ್ನೋದೇ ಗೊತ್ತಾಗ್ತಿಲ್ಲ ನೋಡಿ," ಎಂದು ಅಂಗೈ ತಿರುಗಿಸಿ ನೋಡಿಕೊಳ್ಳುತ್ತಾರೆ.

ಆರೂ ಮುಕ್ಕಾಲಿಗೆ ಓದುಬರಹದ ಟೀಚರ್ ಬರುತ್ತಾರೆ. ಅಂದಿನ ಕೌಂಟರಿನ ಹುಡುಗಿ ಇವರೇ. ಈಗ ತಲೆಯೆಲ್ಲ ಬೆಳ್ಳಗಾಗಿದೆ. ಕುರ್ಚಿಯಕ್ಕ ಒರೆಸುವ ಬಟ್ಟೆ ಹಿಡಿದೇ ಎದುರು ನಿಲ್ಲುತ್ತಾರೆ.

"ನೀನಾದ್ರೂ ಹೇಳೇ. ಅವತ್ತು ನಾನು ನಿನ್ನ ಬೇಡ ಅಂದೆನಾ?"

"ಅಂದೆ. ನಾನು ಬಾಗಿಲಾಚೆ ನಿಂತು ಕೇಳಿಸ್ಕೊಂಡೆ."

"ಗೊತ್ತಿದ್ದೂ ಇಷ್ಟು ದಿನ ಬಾಯಿ ಬಿಡಲಿಲ್ವಲ್ಲೇ!"

ಟೀಚರ್ ಚೀಲ ಕೆಳಗಿಡುತ್ತಾರೆ. "ನಿಮ್ಮಕ್ಕ ಬಿದ್ದ ದಿನ ನಲ್ಲಿ ಪಕ್ಕ ಕೂತಿದ್ದವಳು ನಾನೇ. ಯಜಮಾನ ನೋಡ್ತಿದ್ದ, ನಾನು ತಲೆ ತಗ್ಗಿಸಿದೆ. ನೀನು ಒಂದು ದಿನವಾದ್ರೂ ಅದನ್ನ ಎತ್ತಿ ಆಡಿದ್ಯಾ?"

ಕುರ್ಚಿಯಕ್ಕನಿಗೆ ಅದು ನೆನಪಿದೆ. ಯಾಕೆ ಆಡಲಿಲ್ಲ ಎಂಬುದು ಮಾತ್ರ ತಿಳಿಯದು.

ಆ ಪುಟವನ್ನು ಬಿಟ್ಟೇ ಇತಿಹಾಸ ಬರೆಯಬಹುದು ಎಂದು ಕಾರ್ಯದರ್ಶಿ ಹೇಳಿದ್ದರಂತೆ. ತರಗತಿಗೆ ಬಂದ ಹೆಂಗಸರು, ಕಪ್ಪು ಬಿಳಿ ಎನ್ನದೆ, ಸಿಕ್ಕ ಸಿಕ್ಕ ಕುರ್ಚಿಯಲ್ಲಿ ಕೂರುತ್ತಿದ್ದಾರೆ. ಅವರನ್ನೇ ನೋಡುತ್ತಾ ಕುರ್ಚಿಯಕ್ಕ ಹೇಳುತ್ತಾರೆ:

"ಬಿಡೋದು ಬೇಡ, ಇದ್ದಿದ್ದು ಇದ್ದಹಾಗೇ ಬರೀಲಿ. ಬೇಡ ಅಂದವಳೂ ಇಲ್ಲೇ ಉಳ್ಕೊಂಡಳು ಅಂತ ಹೊಸ ಹುಡುಗೀರಿಗೆ ಗೊತ್ತಾಗ್ಲಿ. ನನಗೆ ಅಷ್ಟು ಸಾಕು."